ಬಾಯೊಳಗೆ ಮರಿ ಕಾಯ್ದ ಹಳದಿ ಮೀನು

ಲೋಕ ಆಗಷ್ಟೇ ಹುಟ್ಟಿತ್ತು. ನದಿಗಳು ಯಾವ ಕಡೆಗೆ ಹರಿಯಬೇಕೆಂದು ಬೆಟ್ಟಗಳನ್ನು ಕೇಳಿಕೊಂಡು ಓಡಾಡುತ್ತಿದ್ದವು. ಗಾಳಿ ಎಲ್ಲರ ಜೊತೆಗೂ ಮಾತಾಡುತ್ತಿತ್ತು. ಆಗ ಒಂದು ದೊಡ್ಡ ಸರೋವರದಲ್ಲಿ ಹೊನ್ನಿ ಎಂಬ ಹಳದಿ ಮೀನು ಇತ್ತು.

ನೀಲಮ್ಮಜ್ಜಿ ಕತೆ ಶುರು ಮಾಡಿದ್ದು ಹೀಗೆ. ಬಾಯಿ ಕತೆ ಹೇಳುತ್ತಿದ್ದರೆ ಕೈ ಹೊಸ ಗಾಜಿನ ತೊಟ್ಟಿಗೆ ಚೊಂಬಿನಿಂದ ನೀರು ತುಂಬುತ್ತಿತ್ತು. ಪಕ್ಕದ ಹಳೆಯ ತೊಟ್ಟಿಯಲ್ಲಿ ಒಂದು ಹಳದಿ ಮೀನು ಗಂಟಲು ಉಬ್ಬಿಸಿಕೊಂಡು ಮೂಲೆ ಹಿಡಿದು ನಿಂತಿತ್ತು. ಅದರ ಬಾಯಿ ತುಂಬ ಮರಿಗಳು. ನಾಳೆಯೋ ನಾಡಿದ್ದೋ ಹೊರಬರಲಿದ್ದ ಆ ಮರಿಗಳಿಗಾಗಿಯೇ ಈ ಹೊಸ ತೊಟ್ಟಿ. "ಅದು ಇಪ್ಪತ್ತು ದಿನದಿಂದ ಏನೂ ತಿಂದಿಲ್ಲ, ಯಾಕಜ್ಜಿ?" ಎಂದು ಮೊಮ್ಮಗಳು ಶಾಂಭವಿ ಕೇಳಿದ್ದಳು. ಅದಕ್ಕೆ ಅಜ್ಜಿಯ ಉತ್ತರ ಈ ಕತೆ.

ಆ ಕಾಲದಲ್ಲಿ ಮೀನುಗಳೆಲ್ಲ ಸರೋವರದ ತಳದಲ್ಲಿ ಮೊಟ್ಟೆ ಇಟ್ಟು ತಮ್ಮ ಪಾಡಿಗೆ ಹೋಗಿಬಿಡುತ್ತಿದ್ದವು. ಹೊನ್ನಿಯೂ ಹಾಗೇ ಇಟ್ಟಳು. ಮೀಸೆ ಮೀನು ಬಂದು ತಿಂದುಹೋಯಿತು. ಮತ್ತೊಮ್ಮೆ ಇಟ್ಟಳು. ಮತ್ತೆ ತಿಂದುಹೋಯಿತು.

ಹೊನ್ನಿ ಸರೋವರವನ್ನು ಕೇಳಿದಳು. "ಅಮ್ಮಾ, ಬಾಗಿಲು ಇರುವ ಒಂದು ಜಾಗ ಕೊಡು. ನನ್ನ ಮೊಟ್ಟೆಗಳನ್ನು ಒಳಗಿಟ್ಟು ಮುಚ್ಚಿಕೊಳ್ಳುತ್ತೇನೆ."

"ನಾನು ನೀರು ಮಗಳೇ. ನನ್ನಲ್ಲಿ ಬಾಗಿಲು ಎಲ್ಲಿಂದ ಬರಬೇಕು? ಮೀಸೆ ಮೀನೂ ನನ್ನದೇ ಕೂಸು. ಅದಕ್ಕೂ ಹಸಿವಾಗುತ್ತದೆ," ಎಂದಿತು ಸರೋವರ.

ಹೊನ್ನಿ ಏಡಿಯ ಹತ್ತಿರ ಹೋದಳು. "ನನ್ನ ಬಿಲದಲ್ಲಿ ಜಾಗವೇನೋ ಇದೆ. ಆದರೆ ಹಸಿವಾದಾಗ ನನ್ನ ಮೇಲೆ ನನಗೇ ನಂಬಿಕೆ ಇಲ್ಲ," ಎಂದಿತು ಏಡಿ. ಸುಳ್ಳು ಹೇಳಲಿಲ್ಲವಲ್ಲ ಎಂದುಕೊಂಡು ಹೊನ್ನಿ ವಾಪಸು ಬಂದಳು.

ಮೂರನೆಯ ಸಲ ಮೊಟ್ಟೆ ಇಟ್ಟು ತಿರುಗಿ ನೋಡುವಷ್ಟರಲ್ಲಿ ಮೀಸೆ ಮೀನು ಎದುರಿಗೇ ಇತ್ತು. ಯೋಚಿಸಲು ಪುರುಸೊತ್ತಿರಲಿಲ್ಲ. ಹೊನ್ನಿ ಒಂದೊಂದಾಗಿ ಮೊಟ್ಟೆಗಳನ್ನು ಬಾಯಿಗೆ ಹಾಕಿಕೊಂಡು ಬಾಯಿ ಮುಚ್ಚಿದಳು.

ಮೀಸೆ ಮೀನು ಬೆರಗಾಗಿ ನಿಂತಿತು. "ನಿನ್ನ ಮೊಟ್ಟೆ ನೀನೇ ತಿಂದುಬಿಟ್ಟೆಯಾ?"

ಹೊನ್ನಿ ಮಾತಾಡಲಿಲ್ಲ. ಮಾತಾಡಿದರೆ ಮೊಟ್ಟೆ ಬೀಳುತ್ತಿದ್ದವು.

ಆ ಸುದ್ದಿ ಸಂಜೆಯೊಳಗೆ ಸರೋವರವಿಡೀ ಹಬ್ಬಿತು. ಬಸವನಹುಳು ಅವಳನ್ನು ಕಂಡರೆ ಚಿಪ್ಪಿನೊಳಗೆ ಮುದುಡಿಕೊಳ್ಳುತ್ತಿತ್ತು. ಜೊತೆಗೆ ಈಜುತ್ತಿದ್ದ ಮೀನುಗಳು ದಾರಿ ಬದಲಿಸಿದವು. ಅಲ್ಲ, ನಾನು ತಿಂದಿಲ್ಲ ಎನ್ನಲು ಹೊನ್ನಿಗೆ ಬಾಯಿ ಇದ್ದರೂ ಇರಲಿಲ್ಲ.

"ಪಾಪ," ಎಂದಳು ಶಾಂಭವಿ.

"ಹೂಂ. ಮುಂದೆ ಕೇಳು," ಎಂದರು ಅಜ್ಜಿ.

ಹೊನ್ನಿ ಸೊರಗಿದಳು. ಹೊಟ್ಟೆ ಒಳಗೆ ಹೋಯಿತು, ತಲೆ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು. ಗಾಳಿಗೆ ಕನಿಕರವಾಗಿ ನೀರಿನ ಮೇಲೆ ಸಣ್ಣ ಹುಳುಗಳನ್ನು ಉದುರಿಸಿತು. "ಒಂದಾದರೂ ನುಂಗು. ಯಾರು ನೋಡುತ್ತಾರೆ?" ಹುಳು ನುಂಗಿದರೆ ಅದರ ಜೊತೆ ಮೊಟ್ಟೆಯೂ ಒಳಗಿಳಿಯುತ್ತದೆ. ಹೊನ್ನಿ ಮುಖ ತಿರುಗಿಸಿದಳು. ಮೊಟ್ಟೆಗಳಿಗೆ ಉಸಿರು ಸಿಗಲೆಂದು ಅವುಗಳನ್ನು ಬಾಯೊಳಗೇ ಮೆಲ್ಲಗೆ ಹೊರಳಿಸುತ್ತಿದ್ದಳು. ನೋಡಿದವರಿಗೆ ಏನನ್ನೋ ಜಗಿಯುತ್ತಿರುವಂತೆ ಕಾಣುತ್ತಿತ್ತು. ಅದೂ ಆಡಿಕೊಳ್ಳುವವರಿಗೆ ಒಂದು ಮಾತಾಯಿತು.

ಇಪ್ಪತ್ತೊಂದನೆಯ ದಿನ ಹೊನ್ನಿ ದಡದ ಹತ್ತಿರ ಬಾಯಿ ತೆರೆದಳು. ಅಕ್ಕಿ ಕಾಳಿನಷ್ಟು ಮರಿಗಳು ಒಂದರ ಹಿಂದೆ ಒಂದು ಹೊರಬಂದವು. ಬಸವನಹುಳು ನೋಡಿತು. ಜೊತೆಯ ಮೀನುಗಳೂ ನೋಡಿದವು.

ಮೀಸೆ ಮೀನು ಕೂಡ ನೋಡಿತು. ಅದರ ನೆರಳು ಬಿದ್ದದ್ದೇ ಮರಿಗಳು ಬೆದರಿದವು. ಹೊನ್ನಿ ಬಾಯಿ ಅಗಲಿಸಿದಳು. ಮರಿಗಳಿಗೆ ಹುಟ್ಟಿದಂದಿನಿಂದ ಗೊತ್ತಿದ್ದದ್ದು ಅದೊಂದೇ ಮನೆ, ಆ ಕತ್ತಲೆ. ಅದರೊಳಗೆ ನುಗ್ಗಿದವು. ಒಂದು ಮರಿ ಮಾತ್ರ ಇನ್ನೊಂದು ಕತ್ತಲೆಗೆ ನುಗ್ಗಿತು. ಮೀಸೆ ಮೀನಿನ ಬಾಯಿಯೂ ಒಳಗೆ ಅಷ್ಟೇ ಕಪ್ಪಗಿತ್ತು.

ಹೊನ್ನಿ ಬಾಯಿ ಮುಚ್ಚಿಕೊಂಡು ತುಂಬ ಹೊತ್ತು ಅಲ್ಲೇ ನಿಂತಳು.

ಸರೋವರ ಗಾಳಿಯನ್ನು ಕರೆಯಿತು. "ಬಾಗಿಲು ಕೊಡಲು ನನ್ನಿಂದ ಆಗಲಿಲ್ಲ. ಸಂದು ಕೊಡಬಲ್ಲೆ. ಅಲೆ ಎಬ್ಬಿಸು." ಗಾಳಿ ಅಲೆ ಎಬ್ಬಿಸಿತು. ಅಲೆಗಳು ಕಲ್ಲುಗಳನ್ನು ಉರುಳಿಸಿ ದಡದ ಉದ್ದಕ್ಕೂ ಒಂದರ ಮೇಲೊಂದು ಒಟ್ಟಿದವು. ಕಲ್ಲುಗಳ ನಡುವಿನ ಸಂದುಗಳಲ್ಲಿ ಅಕ್ಕಿ ಕಾಳಿನಷ್ಟು ಮರಿ ತೂರಬಹುದಿತ್ತು, ಮೀಸೆ ಮೀನು ತೂರುವಂತಿರಲಿಲ್ಲ. ಮಾರನೆಯ ದಿನ ಹೊನ್ನಿ ಮರಿಗಳನ್ನು ಅಲ್ಲಿ ಬಿಟ್ಟಳು. ಆಮೇಲೆ ಗಾಳಿ ಉದುರಿಸಿದ ಹುಳುವೊಂದನ್ನು ನುಂಗಿದಳು.

ಶಾಂಭವಿ ಹೊಸ ತೊಟ್ಟಿಯ ನೀರೆಳೆಯುವ ಪೈಪನ್ನು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು. "ಅಜ್ಜಿ, ಹೋದ ಸಲ ನಮ್ಮ ಮರಿಗಳೆಲ್ಲ ಫಿಲ್ಟರಿನ ಪೈಪಿನೊಳಗೆ ಹೋಗಿ ಸತ್ತವಲ್ಲ. ಅದನ್ನೂ ಅಮ್ಮನ ಬಾಯಿ ಅಂದುಕೊಂಡವಾ?"

"ಹೂಂ ಪುಟ್ಟಿ. ಕಪ್ಪಗೆ, ದುಂಡಗೆ ಇತ್ತಲ್ಲ. ಆಗ ನನಗೆ ತಿಳಿಯಲಿಲ್ಲ. ತಪ್ಪು ನನ್ನದೇ."

ಅಜ್ಜಿ ಪೈಪಿನ ಬಾಯಿಗೆ ಸ್ಪಂಜಿನ ತುಂಡು ಸುತ್ತಿ ದಾರದಿಂದ ಬಿಗಿದರು. ಗಂಟು ಗಟ್ಟಿಯಾಗಿದೆಯೇ ಎಂದು ಶಾಂಭವಿ ಎರಡು ಸಲ ಎಳೆದು ನೋಡಿದಳು. ಹೊಸ ತೊಟ್ಟಿಗೆ ಹಳೆಯ ತೊಟ್ಟಿಯ ನೀರು ಅರ್ಧ, ಎರಡು ದಿನ ಬಕೆಟ್ಟಿನಲ್ಲಿ ನಿಲ್ಲಿಸಿಟ್ಟ ನೀರು ಅರ್ಧ. ತಳದಲ್ಲಿ ಉರುಟು ಕಲ್ಲುಗಳನ್ನು ಒತ್ತೊತ್ತಾಗಿ ಪೇರಿಸಿದ್ದಾಯಿತು.

ಮೂರನೆಯ ದಿನ ತಾಯಿಯ ಬಾಯಿಂದ ಹೊರಬಂದ ಮರಿಗಳನ್ನು ಅಜ್ಜಿ ಹೊಸ ತೊಟ್ಟಿಗೆ ಬಿಟ್ಟರು. ಶಾಂಭವಿ ಗಾಜಿಗೆ ಕೈ ಅಡ್ಡ ಹಿಡಿದಳು. ನೆರಳು ಬಿದ್ದಿತು, ಮರಿಗಳು ಒಟ್ಟಿಗೆ ಕಲ್ಲಿನ ಸಂದುಗಳೊಳಗೆ ಮಾಯವಾದವು. ಹೊನ್ನಿಯ ಮರಿಗಳು ಅಂದು ಕತ್ತಲೆಯನ್ನೇ ಮನೆ ಎಂದು ಕಲಿತದ್ದರಿಂದ, ಬಾಯಲ್ಲಿ ಬೆಳೆದ ಮೀನಿನ ಮರಿ ಹೆದರಿದಾಗ ಇಂದಿಗೂ ಕಪ್ಪಗೆ ಕಂಡ ಕಡೆಗೇ ಓಡುತ್ತದೆ.