ಡಂಗುರದವನು ಬಿಟ್ಟ ಹೆಸರು

ಮೈತ್ರಿಗೆ ಒಂದು ಅಭ್ಯಾಸವಿತ್ತು. ಯಾರನ್ನಾದರೂ ಏನಾದರೂ ಕೇಳುವ ಮುನ್ನ ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಒಮ್ಮೆ ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿ ನೋಡುವಳು. ಕನ್ನಡದ್ದು ಸರಿಹೋಗುವಷ್ಟರಲ್ಲಿ ಕೇಳಬೇಕಾದವರು ಎದ್ದು ಹೋಗಿರುತ್ತಿದ್ದರು. ಆ ಮಧ್ಯಾಹ್ನ ಕೊಣ್ಣೂರ ಸರ್ ಏಳಲಿಲ್ಲ. ಹಾಗಾಗಿ ಪ್ರಶ್ನೆ ಹೊರಗೆ ಬಂತು.

"ಸರ್, ನಾಳೆ ಎರಡು ಸಾಲು ತಿದ್ದುಪಡಿ ಹಾಕಿದರೆ ಸಾಲುವುದಿಲ್ಲವೇ?"

ಕೊಣ್ಣೂರ ಸರ್ ಒಂದು ಜಿಲ್ಲಾ ಪತ್ರಿಕೆಯ ಕ್ರೀಡಾ ಸಂಪಾದಕರು. ಮೈತ್ರಿ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದಳು. ಕೋಣೆಯಲ್ಲಿ ಇನ್ನೊಬ್ಬನಿದ್ದ, ಪುಟ ಕಟ್ಟುವ ಖಾಜಾ. ಅವನು ಕಂಪ್ಯೂಟರಿನಿಂದ ತಲೆ ಎತ್ತಿದ.

"ಸಾಲುವುದಿಲ್ಲವೇ! ಮೇಡಮ್ಮಾರು ಮಾತಾಡಿದ್ರ ಪಠ್ಯಪುಸ್ತಕ ಓದಿದಂಗ ಇರ್ತೈತ್ರಿ ಸರ್."

"ನೀ ಸುಮ್ಕಿರೋ. ನಿನ್ನ ಕನ್ನಡ ಕೇಳಿದ್ರ ಪಠ್ಯಪುಸ್ತಕಾನೇ ಓಡಿಹೋಗತದ" ಎಂದರು ಸರ್. ಮೈತ್ರಿಗೆ ನಗು ಬಂದರೂ ನಗಲಿಲ್ಲ. ತಿದ್ದಬೇಕಾದ ತಪ್ಪು ಅವಳದಾಗಿತ್ತು.

ಪತ್ರಿಕೆಯಲ್ಲಿ ಸುದ್ದಿಯನ್ನು ಬಾಲದಿಂದ ಕತ್ತರಿಸುವುದು ರೂಢಿ. ಮುಖ್ಯವಾದದ್ದು ಮೇಲೆ ಇರುತ್ತದೆ, ಜಾಗ ಸಾಲದಿದ್ದರೆ ಕೆಳಗಿನದನ್ನು ತೆಗೆಯುತ್ತಾರೆ. ಮೈತ್ರಿ ಕಲಿತ ಮೊದಲ ಪಾಠವೇ ಅದು. ಹಿಂದಿನ ದಿನ ಜಿಲ್ಲಾ ಮಟ್ಟದ ಕಾಲೇಜು ಹುಡುಗಿಯರ ಖೋಖೋ ವರದಿ ಬಂದಿತ್ತು. ಮೇಲೆ ಗೆದ್ದ ಕಾಲೇಜು, ಕಪ್ ಕೊಟ್ಟ ಗಣ್ಯರು. ಬಾಲದಲ್ಲಿ ಸೋತ ತಂಡದ ಹುಡುಗಿಯರ ಹೆಸರು, ಆ ಸೋತವರಲ್ಲೇ ರಾಜ್ಯ ಮಟ್ಟಕ್ಕೆ ಹೋಗುವ ಜಿಲ್ಲಾ ತಂಡಕ್ಕೆ ಆರಿಸಿದ ಒಬ್ಬಳ ಹೆಸರು. ಅದೇ ಹೊತ್ತಿಗೆ ದೇಶದ ಕ್ರಿಕೆಟ್ ತಂಡದ ಆಟಗಾರನೊಬ್ಬ ಅಭ್ಯಾಸಕ್ಕೆ ಬರಲಿಲ್ಲವೆಂಬ ಸುದ್ದಿ ಬಂತು. ಅವನಿಗೆ ಶೀತವಾಗಿತ್ತು. ಆ ಸುದ್ದಿಗೆ ಜಾಗ ಬೇಕಾಯಿತು. ಮೈತ್ರಿ ಖೋಖೋದ ಬಾಲ ಕತ್ತರಿಸಿದಳು.

ಇವತ್ತು ಮಧ್ಯಾಹ್ನ ಜಿಲ್ಲಾ ತಂಡಕ್ಕೆ ಆಯ್ಕೆಯಾದ ಆ ಹುಡುಗಿಯ ಫೋನ್ ಬಂದಿತ್ತು. ಎತ್ತಿಕೊಂಡವಳು ಮೈತ್ರಿಯೇ.

"ನಮ್ಮಪ್ಪಾರು ಚಾದಂಗಡ್ಯಾಗ ನಾಕ್ ಮಂದಿನ್ನ ಕೂಡಿಸ್ಕೊಂಡು ನಿಮ್ಮ ಪೇಪರ್ ಓದಿದ್ರಿ ಅಕ್ಕಾರ. ನನ್ನ ಮಗಳ ಹೆಸರು ಬಂದೈತಿ ನೋಡ್ರಿ ಅಂತ. ಹೆಸರಽ ಇಲ್ಲ. ಎಲ್ಲಾರೂ ನಕ್ರಂತ. ಮನೀಗೆ ಬಂದು, ನೀ ಆಡಾಕ ಹೋಗಿದ್ದಿಲ್ಲ, ಎಲ್ಲಿ ಹೋಗಿದ್ದಿ ಹೇಳು ಅಂತ ಕುಂತಾರ. ಸರ್ಟಿಫಿಕೇಟ್ ಇನ್ನೂ ಕೊಟ್ಟಿಲ್ರಿ. ನಾಡಿದ್ದು ತಂಡ ಹೊಂಡತೈತಿ. ನನ್ನ ಕಳಸಂಗಿಲ್ಲ ಅಂತಾರ. ಏನರೆ ಮಾಡ್ರಿ ಅಕ್ಕಾರ."

ಮೈತ್ರಿ "ನೋಡುತ್ತೇವೆ" ಎಂದಿದ್ದಳು. ಈಗ ಎಲ್ಲವನ್ನೂ ಸರ್ ಮುಂದೆ ಹೇಳಿದಳು.

ಗೋಡೆಯ ಟೀವಿಯಲ್ಲಿ ದೇಶದ ಪಂದ್ಯ ನಡೆದಿತ್ತು. ಕೊಣ್ಣೂರ ಸರ್ ಅದನ್ನೇ ನೋಡುತ್ತ ತಮ್ಮಷ್ಟಕ್ಕೆ ಮಾತಾಡುವವರಂತೆ ಹೇಳಿದರು:

"ಈ ಹುಡುಗ ಇವತ್ತು ಸೊನ್ನಿಗೆ ಔಟಾದ್ರ ಗೆದ್ದವನ ಹೆಸರಿಗಿಂತ ಇವನ ಹೆಸರು ದಪ್ಪಕ್ಷರದಾಗ ಬರ್ತದ. ದೇಶದ ಮಟ್ಟದಾಗ ಸೋತವಗ ಹೆಸರಿಗೇನು ಬರ ಇಲ್ಲ. ನಮ್ಮ ಹೆದ್ದಾರಿ ಅಂಚಿನಾಗ ಬೆಳಿಗ್ಗೆ ಸೈಕಲ್ ತುಳೀತಾವಲ್ಲ ಹುಡುಗೋರು, ಅವರು ಗೆದ್ರ ಒಂದು ಸಾಲು. ಸೋತ್ರ ಅವರು ತುಳದೇ ಇಲ್ಲ. ಬಾಲ್ ಬ್ಯಾಡ್ಮಿಂಟನ್ ಆಡೋರ ಫೋಟೊ ಹಾಕಿ ಎಷ್ಟು ದಿನಾತೊ ನನಗಽ ನೆನಪಿಲ್ಲ. ದೇಶ ಸೋತಾಗ ಮಂದಿಯೆಲ್ಲ ಕೂಡಿ ಅಳ್ತಾರ. ಊರಾಗ ಸೋತಾಕಿ ಒಬ್ಬಾಕಿನ ಬಸ್ ಹತ್ತಿ ಮನೀಗೆ ಹೋಗ್ತಾಳ."

"ಸರ್, ಅದಕ್ಕೇ ಕೇಳಿದೆ" ಎಂದಳು ಮೈತ್ರಿ. "ನಾಳೆ ಅವಳ ಹೆಸರು ಹಾಕೋಣ. ಚೌಕಟ್ಟು ಹಾಕಿ, ದಪ್ಪಕ್ಷರದಲ್ಲೇ ಹಾಕೋಣ. ಸಾಲುವುದಿಲ್ಲವೇ?"

ಸರ್ ಖಾಜಾನಿಗೆ ಟೀವಿಯ ದನಿ ನಿಲ್ಲಿಸಲು ಹೇಳಿದರು. ಅವನು ಗೊಣಗುತ್ತಲೇ ನಿಲ್ಲಿಸಿದ. ಆಮೇಲೆ ಅವರು ಈ ಕತೆ ಹೇಳಿದರು. ಕತೆ ಹೇಳುವಾಗ ಅವರ ಮಾತು ಬರಹದ ಮಾತಿನಂತೆ ನಿಧಾನವಾಗುತ್ತಿತ್ತು.

ಒಂದು ಊರು. ಆ ಊರಲ್ಲೊಂದು ಗರಡಿ. ಊರಿಗೆ ಡಂಗುರ ಸಾರುವವನೊಬ್ಬನಿದ್ದ. ಗರಡಿಯಲ್ಲಿ ಕುಸ್ತಿ ಮುಗಿದ ಸಂಜೆ ಅವನು ಹಲಗೆ ಬಾರಿಸುತ್ತ ಕೇರಿ ಕೇರಿ ತಿರುಗುವನು. ಇಂಥವನು ಇಂಥವನನ್ನು ಕೆಡವಿದ ಎಂದು ಸಾರುವನು. ಗೆದ್ದವನ ಹೆಸರು ಮೊದಲು, ಸೋತವನ ಹೆಸರು ಬೆನ್ನಿಗೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಅದು ಹಿಂದಿನಿಂದ ಬಂದ ಪದ್ಧತಿ. ಸೋತವನ ತಾಯಿಯೂ ಬಾಗಿಲಿಗೆ ಬಂದು ಕೇಳುವಳು. ನಾಚಿಕೆ ಏನಿರಲಿಲ್ಲ. ಮಗ ಯಾರ ಮುಂದೆ ನಿಂತಿದ್ದ ಎಂಬುದು ಊರಿಗೆ ತಿಳಿಯಿತಲ್ಲ, ಅಷ್ಟು ಸಾಕಿತ್ತು.

ಆ ಊರಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರಾದರೂ ತೀರಿಕೊಂಡರೆ ಅದನ್ನೂ ಅವನೇ ಸಾರಬೇಕು. ಸತ್ತ ಎಂಬ ಮಾತನ್ನು ಬಾಯಿಂದ ಆಡುವಂತಿಲ್ಲ. ಹಲಗೆ ಬಾರಿಸಿ ಬರಿಯ ಹೆಸರೊಂದನ್ನು ಕೂಗಿ ಮುಂದಕ್ಕೆ ಹೋಗುವನು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುವರು.

ಗರಡಿಯಲ್ಲಿ ಇಬ್ಬರು ಪೈಲ್ವಾನರಿದ್ದರು. ಓರಗೆಯವರು. ಒಮ್ಮೆ ಇವನು ಮೇಲಾದರೆ ಇನ್ನೊಮ್ಮೆ ಅವನು. ಅವರಲ್ಲೊಬ್ಬ ರಾಜಧಾನಿಗೆ ಹೋಗಿ ಅರಸನ ಕುಸ್ತಿಯಾಳಾದ. ಇನ್ನೊಬ್ಬ ಊರಲ್ಲೇ ಉಳಿದ.

ರಾಜಧಾನಿಯಿಂದ ಸುದ್ದಿ ಬರತೊಡಗಿತು. ನಮ್ಮ ಅರಸನ ಪೈಲ್ವಾನ ನೆರೆಯ ಅರಸನ ಪೈಲ್ವಾನನನ್ನು ಚಿತ್ತು ಮಾಡಿದ ಎಂದು ಡಂಗುರದವನು ಸಾರಿದ ದಿನ ಮುಚ್ಚಿದ ಬಾಗಿಲುಗಳೆಲ್ಲ ತೆರೆದವು. ಮಕ್ಕಳು ಅವನ ಹಿಂದೆ ಓಡಿ ಬಂದವು. ಇನ್ನೊಮ್ಮೆ ಹೇಳು ಎಂದು ಮುದುಕರು ಕೇಳಿದರು. ಅವನಿಗೆ ಅದು ರುಚಿಸಿತು. ರಾಜಧಾನಿಯ ಸುದ್ದಿಯನ್ನು ಬಣ್ಣ ಕಟ್ಟಿ ಹೇಳತೊಡಗಿದ. ಕತ್ತಲಾಗುವುದರೊಳಗೆ ಎಲ್ಲ ಕೇರಿ ಮುಗಿಸಬೇಕು. ಅದಕ್ಕೆ ಊರ ಗರಡಿಯ ಸುದ್ದಿಯನ್ನು ಕೊಂಚ ಮೊಟಕು ಮಾಡಿದ. ಇಂಥವನು ಗೆದ್ದ ಎಂದಷ್ಟೇ ಹೇಳಿ ಮುಂದಿನ ಕೇರಿಗೆ ನಡೆದ.

ಗರಡಿಯ ಉಸ್ತಾದ ಅವನನ್ನು ತಡೆದು ಕೇಳಿದ: "ಯಾರನ್ನು ಗೆದ್ದನಪ್ಪಾ?"

ಡಂಗುರದವನು ನಕ್ಕ: "ಕೆಳಗೆ ಬಿದ್ದವನ ಗೊಡವೆ ಯಾರಿಗೆ ಬೇಕು ಯಜಮಾನರೇ?"

ಅಂದಿನಿಂದ ಸೋತು ಮನೆಗೆ ಹೋದವನನ್ನು ಮನೆಯವರು, ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳತೊಡಗಿದರು. ಮೈಯೆಲ್ಲ ಮಣ್ಣಾಗಿದೆ, ಎಲ್ಲಿ ಬಿದ್ದು ಬಂದೆ ಎಂದರು. ಕುಸ್ತಿಗೆ ಹೋಗಿದ್ದೆ ಎಂದರೆ, ಸಾರಿದ್ದು ನಾವೂ ಕೇಳಿದ್ದೇವೆ, ನಿನ್ನ ಹೆಸರಿರಲಿಲ್ಲವಲ್ಲ ಎಂದರು. ಸೋಲುವ ಅಂಜಿಕೆ ಇದ್ದವರು ಗರಡಿಗೆ ಹೋಗುವುದನ್ನು ಬಿಟ್ಟರು. ಗೆಲ್ಲುವೆನೆಂದು ಗಟ್ಟಿಯಾಗಿ ನಂಬಿದವರು ಯಾವ ಊರಲ್ಲೂ ಹೆಚ್ಚು ಇರುವುದಿಲ್ಲ. ಊರಲ್ಲಿ ಉಳಿದ ಆ ಪೈಲ್ವಾನ ಮಾತ್ರ ದಿನವೂ ಬಂದು ಸಾಮು ಮಾಡಿ, ಮೈಗೆ ಮಣ್ಣು ಹಚ್ಚಿಕೊಂಡು ನಿಲ್ಲುವನು. ಎದುರಿಗೆ ಬರುವವರೇ ಇಲ್ಲ. ಎದುರಿಲ್ಲದ ಮೇಲೆ ಸೋಲಿಲ್ಲ, ಗೆಲುವೂ ಇಲ್ಲ. ಅವನ ಹೆಸರೂ ಕೇರಿಯಿಂದ ಹೋಯಿತು. ಕೊನೆಗೆ ಅವನು ಗಾಣ ಕಟ್ಟಿಕೊಂಡ. ಎಣ್ಣೆಗೆಂದು ಬಂದವರು ಅವನನ್ನು ಗಾಣದವನೆಂದೇ ಕರೆದರು.

ವರ್ಷಗಳು ಕಳೆದವು. ರಾಜಧಾನಿಯ ಪೈಲ್ವಾನ ಊರಿಗೆ ಬಂದ. ಊರವರು ಹಾರ ಹಾಕಿದರು. ಅವನು ಹಾರವನ್ನು ಪಕ್ಕಕ್ಕಿಟ್ಟು ಹೇಳಿದ: "ನೆರೆಯ ಅರಸರ ಪೈಲ್ವಾನರನ್ನೆಲ್ಲ ಕೆಡವಿದೆ. ನಾನು ಬಿದ್ದದ್ದು ಈ ಊರ ಮಣ್ಣಿನಲ್ಲಿ. ನನ್ನನ್ನು ಬೀಳಿಸಿದ ನನ್ನ ಓರಗೆಯವನೆಲ್ಲಿ? ಅವನಿಲ್ಲದೆ ನನಗೆ ಈ ಹಾರ ಬೇಡ."

ಹೀಗೆಂದು ಅವನು ಗೆಳೆಯನ ಹೆಸರು ಹೇಳಿದ. ಜನ ಮುಖ ಮುಖ ನೋಡಿಕೊಂಡರು. ಡಂಗುರದವನಿಗೆ ಚುರುಕ್ಕೆಂದಿತು. ಯಾರು ಬಿಟ್ಟ ಹೆಸರು ಅದು ಎಂದು ಅವನಿಗೊಬ್ಬನಿಗೇ ಗೊತ್ತಿತ್ತು. ಈಗಲೇ ಸರಿಪಡಿಸುತ್ತೇನೆ ಎಂದುಕೊಂಡು ಹಲಗೆ ಎತ್ತಿಕೊಂಡು ಓಡಿದ. ಅರಸನ ಗೆಲುವನ್ನೂ ಅಷ್ಟು ಜೋರಾಗಿ ಅವನು ಸಾರಿರಲಿಲ್ಲ. ಗಂಟಲು ಹರಿಯುವಂತೆ, ಕೇರಿ ಕೇರಿಯಲ್ಲಿ, ಆ ಹೆಸರನ್ನು ಕೂಗಿದ. ಆದರೆ ಅಂದು ಕುಸ್ತಿ ನಡೆದಿರಲಿಲ್ಲ. ಗೆದ್ದ ಎನ್ನುವಂತಿಲ್ಲ, ಸೋತ ಎನ್ನುವಂತಿಲ್ಲ. ಅವನು ಕೂಗಿದ್ದು ಬರಿಯ ಹೆಸರು.

ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ಹೆಂಗಸರು ಸೆರಗು ಹೊದ್ದು ಬಂದರು. ಗಂಡಸರು ಚಟ್ಟಕ್ಕೆಂದು ಹೆಗಲ ಮೇಲೆ ಬಿದಿರು ಹೊತ್ತು ತಂದರು. ಅದು ಯಾರ ಹೆಸರೆಂದು ಮುದುಕರು ನೆನಪು ಮಾಡಿ ಹೇಳಲು, ಎಲ್ಲರೂ ಗಾಣದವನ ಮನೆಯ ಮುಂದೆ ಸೇರಿದರು. ಬಾಗಿಲು ತೆರೆದವನು ಗಾಣದವನೇ. ಅವನು ಜನರನ್ನು ನೋಡಿದ, ಬಿದಿರನ್ನು ನೋಡಿದ.

"ಯಾರು ಹೋದರು?" ಎಂದು ಕೇಳಿದ.

ಬಿದಿರು ಹೊತ್ತವರು ಅದನ್ನು ಬೆನ್ನ ಹಿಂದಕ್ಕೆ ಸರಿಸಿದರು. ಡಂಗುರದವನು ಏದುಸಿರು ಬಿಡುತ್ತ ಎಲ್ಲರಿಗಿಂತ ಕೊನೆಗೆ ಬಂದ. "ನಿನ್ನ ಹೆಸರು ಊರಿಗೆಲ್ಲ ಕೇಳಲಿ ಎಂದು ಸಾರಿದೆನಪ್ಪಾ" ಎಂದ.

"ನನ್ನ ಮನೆ ನಿನಗೆ ಗೊತ್ತಿತ್ತಲ್ಲ" ಎಂದು ಗಾಣದವನು ಬಾಗಿಲು ಮುಚ್ಚಿಕೊಂಡ.

ಕೊಣ್ಣೂರ ಸರ್ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಟೀವಿಯಲ್ಲಿ ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ದನಿಯಿಲ್ಲದ್ದರಿಂದ ಗೆದ್ದದ್ದೋ ಬರಿಯ ವಿಕೆಟ್ಟೋ ತಿಳಿಯಲಿಲ್ಲ. ಖಾಜಾ ಕೂಡ ಆ ಕಡೆ ನೋಡಲಿಲ್ಲ.

"ಚೌಕಟ್ಟು ಹಾಕ್ಲೇನ್ರಿ, ಬ್ಯಾಡೇನ್ರಿ ಸರ್?" ಎಂದು ಮೆಲ್ಲಗೆ ಕೇಳಿದ.

"ಹಾಕು. ಬರೇ ಹೆಸರಲ್ಲ, ಆಟಾನೂ ಹಾಕು. ಯಾರ ಕೂಡ ಆಡಿದ್ಳು, ಯಾರನ್ನ ಔಟ್ ಮಾಡಿದ್ಳು, ಹೆಂಗ ಸೋತ್ಳು, ಎಲ್ಲಾ ಬರಲಿ" ಎಂದರು ಸರ್. "ಆದ್ರ ಚಾದಂಗಡ್ಯಾಗ ನಕ್ಕವರು ಅದನ್ನ ಓದ್ತಾರೋ ಇಲ್ಲೋ, ಅದು ನಮ್ಮ ಕೈಯಾಗಿಲ್ಲ."

ಮೈತ್ರಿಯ ಮನಸ್ಸಿನಲ್ಲಿ ಒಂದು ಉತ್ತರ ಇಂಗ್ಲಿಷಿನಲ್ಲಿ ಎದ್ದಿತು. ಅದು ಕನ್ನಡವಾಗಲಿಲ್ಲ. ಪರಿಚಯವಿಲ್ಲದ ಒಂದು ಊರು, ಒಂದು ಚಾದಂಗಡಿ, ಅಲ್ಲಿ ಕೂತ ಗಂಡಸರು, ಅವರ ನಡುವೆ ತಲೆ ತಗ್ಗಿಸಿದ ಒಬ್ಬ ಅಪ್ಪ, ಇಷ್ಟೇ ಅವಳ ಕಣ್ಣ ಮುಂದೆ ಬಂತು.

ಕೊಣ್ಣೂರ ಸರ್ ಅವಳ ಕಡೆ ತಿರುಗಿ, ಸಣ್ಣವರು ದೊಡ್ಡವರನ್ನು ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು:

"ಸಂಜಿ ಬಸ್ಸಿಗೆ ಆ ಊರಿಗೆ ಹೋಗಿ, ಆ ನಾಕ್ ಮಂದಿ ಮುಂದನ ಆಕಿ ಅಪ್ಪಗ, ನಿಮ್ಮ ಮಗಳು ಆಡ್ಯಾಳ್ರಿ ಅಂತ ಹೇಳಿ ಬರ್ತಿಯೇನು ತಂಗೀ?"