ಕೆಂಚವ್ವನ ಬಾಗಿಲ ಬಾನಿ

ಬಾಳಾ ಹಿಂದೆ, ಕೋಟೆ ಕಂದಕದಲ್ಲಿ ಇನ್ನೂ ನೀರು ನಿಲ್ಲುತ್ತಿದ್ದ ಕಾಲದಲ್ಲಿ, ಒಂದು ಪೇಟೆ ಇತ್ತಂತೆ. ಪೇಟೆಯ ಬೆನ್ನಿಗೆ ಒಂದು ಕೇರಿ, ಕೇರೀಲಿ ಮೂವತ್ತು ಮನೆ, ಮನೆಗೊಂದು ಹಂದಿಗೂಡು. ಆ ಕೇರೀಲಿ ಕೆಂಚವ್ವ ಅನ್ನೋಳು ಒಬ್ಬಳಿದ್ದಳಂತೆ. ನಿಮ್ಮಂಥೋರು ಹತ್ತು ಜನ ಸೇರಿದರೂ ಅವಳ ಸಮ ಬರಲ್ಲ, ಸುಮ್ಮನೆ ಕೇಳಿ.

ಗಂಡ ಸತ್ತ ಮೇಲೆ ಹಂದಿ ಸಾಕಿಯೇ ಇದ್ದೊಬ್ಬ ಮಗಳನ್ನ ಸಾಕಿದಳಂತೆ. ಬೆಳಗಾದರೆ ಹರವಿ ಹೊತ್ತು ಪೇಟೆ ಬೀದಿಗೆ ಹೋಗಿ ಮನೆಮನೆಯ ಮುಸುರೆ ತರೋಳು. ತಂದದ್ದನ್ನ ಒಂದು ದಿನವೂ ಹಸೀದು ಸುರಿದವಳಲ್ಲ. ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿ, ಆರಿಸಿ, ಆಮೇಲೆ ಹಂದಿಗೆ. ಹಂದಿಗೂ ಅಡುಗೆ ಮಾಡಿ ಬಡಿಸ್ತಾಳಲ್ಲಪ್ಪ, ಇನ್ನು ಎಲೆಅಡಿಕೆ ಒಂದು ಕೊಡೋದು ಬಾಕಿ, ಅಂತ ಜನ ನಗೋರಂತೆ. ನಗಲಿ ಬಿಡಿ, ನಗೋರ ಬಾಯಿಗೆ ಬಾಗಿಲುಂಟಾ?

ಗೂಡಿನ ನೆಲಕ್ಕೆ ಭತ್ತದ ಹೊಟ್ಟು, ತರಗೆಲೆ ಹಾಸೋಳು. ನೆಂದರೆ ಮೇಲೆ ಮತ್ತೆ ಒಣದು ಹರಡೋಳು. ವಾಸನೆ ಅಲ್ಲೇ ಅಡಗೋದು, ಆ ಹಾಸೇ ಕೊಳೆತು ಗೊಬ್ಬರ ಆಗೋದು. ಕೇರಿ ಮುಂದೆ ಮೂಗು ಮುಚ್ಚಿಕೊಂಡು ಓಡಾಡ್ತಿದ್ದ ಪೇಟೆಯವರು ಹೂವಿನ ತೋಟಕ್ಕೆ ಗೊಬ್ಬರ ಬೇಕಾದಾಗ ಮಾತ್ರ ಬುಟ್ಟಿ ಹಿಡಿದು ನಗುನಗುತ್ತಾ ಬರೋರಂತೆ.

ಗೂಡಿನ ಬಾಗಿಲಲ್ಲಿ ಒಂದು ಮಣ್ಣಿನ ಬಾನಿ ಇಟ್ಟಿದ್ದಳು. ಅದರ ತುಂಬ ಸುಣ್ಣದ ನೀರು. ಬೇರೆ ಊರ ಗೂಡಿನ ಮಣ್ಣು ಕಾಲಿಗಂಟಿ ಬರುತ್ತೆ, ಅದರ ಬೆನ್ನಿಗೇ ಹಂದಿಜ್ವರ ಬರುತ್ತೆ ಅನ್ನೋಳು. ಯಾರೇ ಬರಲಿ, ಕಾಲು ತೊಳೆದೇ ಒಳಗೆ. ಕೇರಿಯ ಯಜಮಾನನನ್ನೂ ಬಿಟ್ಟವಳಲ್ಲವಂತೆ.

ಮಗಳ ಹೆಸರು ಹೊನ್ನಿ. ಎರಡು ದಿನದ ದಾರಿಯಾಚೆ ಕೊಟ್ಟಿದ್ದರು. ಅವರೂ ಹಂದಿ ಸಾಕೋರೇ. ಮೂರು ವರ್ಷ ಕೆಂಚವ್ವ ಮಗಳ ಮುಖ ಕಾಣಲಿಲ್ಲ. ಮುಸುರೆ ಕುದಿಯೋವಾಗ ಹೊಗೆ ನೆಪ ಮಾಡಿಕೊಂಡು ಅಳೋಳಂತೆ, ಪಾಪ.

ಒಂದು ಸಂಜೆ ಹೊನ್ನಿ ಬಂದೇಬಿಟ್ಟಳು. ತುಂಬಿದ ಬಸುರಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗೂಡಿನ ಬಾಗಿಲಲ್ಲಿ ನಿಂತು, ಕಷ್ಟಪಟ್ಟು ಬಾನಿ ಕಡೆ ಬಗ್ಗಿದಳಂತೆ. ಕೆಂಚವ್ವ ಬಿಟ್ಟಾಳೆಯೇ? ಬಸುರಿ ಮಗಳನ್ನ ಬಾಗಿಲಲ್ಲಿ ನಿಲ್ಲಿಸ್ತಾರೇನೇ, ಬಾರೇ ನನ್ನವ್ವಾ, ಅಂತ ರಟ್ಟೆ ಹಿಡಿದು ಎತ್ತಿ ತಬ್ಬಿಕೊಂಡಳು. ಹಾಗೇ ಗೂಡಿನೊಳಗೆ ಕರಕೊಂಡು ಹೋಗಿ ಮರಿಗಳನ್ನ ತೋರಿಸಿದಳು. ಬೆಳ್ಳಿ ಅನ್ನೋ ಹಳೇ ಹಂದಿ ಹೊನ್ನಿಯ ಗುರುತು ಹಿಡಿದು ಅವಳ ಕಾಲು ಮೂಸಿ ಮೂಸಿ ನೆಕ್ಕಿತಂತೆ.

ಎಂಟನೇ ದಿನ ಬೆಳ್ಳಿ ಮುಸುರೆ ಮುಟ್ಟಲಿಲ್ಲ. ಮೈ ಕೆಂಡ, ಕಿವಿಯೆಲ್ಲ ಕೆಂಪು. ಆಗ ಹೊನ್ನಿಗೆ ನೆನಪಾಯಿತಂತೆ, ತಾನು ಹೊರಟ ದಿನ ಗಂಡನ ಮನೇಲೂ ಎರಡು ಹಂದಿ ಮೇವು ಬಿಟ್ಟಿದ್ದವು, ಬಿಸಿಲಿಗೆ ಅಂದುಕೊಂಡಿದ್ದಳು.

"ನಾನೇ ತಂದೆನಲ್ಲವ್ವಾ," ಅಂತ ಎದೆ ಬಡಿದುಕೊಂಡಳು.

"ನೀನು ಬಗ್ಗಿದ್ದೆ ಕಣೇ. ತಡೆದೋಳು ನಾನು," ಅಂದಳು ಕೆಂಚವ್ವ.

ಸಾಯೋಕೆ ಮೊದಲೇ ಕೊಟ್ಟುಬಿಡು ಅಂತ ಕಟುಕರು ಬಂದರು. ಜ್ವರದ ಹಂದಿ ಕೇರೀಲಿ ಓಡಾಡಿಸಿ, ಇಪ್ಪತ್ತೊಂಬತ್ತು ಗೂಡು ಹಾಳು ಮಾಡಿ ನಾನು ಉಣ್ಣಲಾ ಅಂತ ಬೈದು ಅಟ್ಟಿದಳಂತೆ. ಅವತ್ತೇ ಮಗಳಿಗೆ ತಾನೇ ಕಾಲು ತೊಳೆದು, ಸೀರೆ ಬದಲಿಸಿ, ಗಂಡನ ಮನೆ ದಾರಿಗೆ ಕಂದಕ ದಾಟಿಸಿದಳು. ಗೂಡಿಂದ ಗೂಡಿಗೆ ಕಾಲಲ್ಲೇ ಹೋಗುತ್ತೆ ಇದು, ಜ್ವರ ತೀರೋವರೆಗೂ ಈ ಕಡೆ ಬರಬೇಡ ಅಂದಳು. ಬಾಣಂತನ ಯಾರವ್ವಾ ಮಾಡ್ತಾರೆ ಅಂತ ಹೊನ್ನಿ ಆಚೆ ದಡದಲ್ಲಿ ಕೇಳಿದಳಂತೆ. ಹೊತ್ತು ಮುಳುಗೋವರೆಗೂ ಇವಳು ಈಚೆ, ಅವಳು ಆಚೆ. ಆಮೇಲೆ ಹೊನ್ನಿ ಹೋದಳು.

ಕೆಂಚವ್ವ ಗೂಡಿನ ಬಾಗಿಲು ಹಾಕಿಕೊಂಡು ಒಳಗೇ ಉಳಿದಳು. ಒಂದೊಂದು ಹಂದಿ ಸತ್ತಂಗೆಲ್ಲ ಆಳುದ್ದ ಗುಂಡಿ ತೋಡಿ, ಸುಣ್ಣ ಸುರಿದು ಹೂಳಿದಳಂತೆ. ಕೇರಿಯವರು ದೂರದಲ್ಲಿ ಗಂಜಿ ಇಟ್ಟು ಹೋಗೋರು. ಮೂರು ತಿಂಗಳು. ಅವಳ ಗೂಡು ಬರಿದಾಯಿತು, ಉಳಿದ ಇಪ್ಪತ್ತೊಂಬತ್ತು ಗೂಡಲ್ಲಿ ಒಂದು ಮರಿಯೂ ಸಾಯಲಿಲ್ಲವಂತೆ.

ಬಾಗಿಲು ತೆಗೆದವಳೇ ಮಗಳ ಊರಿಗೆ ಓಡಿದಳು. ಅಲ್ಲಿ ಏನಿತ್ತು? ಖಾಲಿ ಗೂಡು, ತಣ್ಣಗಾದ ಒಲೆ. ಹಂದಿಯೆಲ್ಲ ಸತ್ತ ಮೇಲೆ ಆ ಜನ ಕತ್ತೆ ಮೇಲೆ ಗಂಟುಮೂಟೆ ಹೇರಿಕೊಂಡು ಎತ್ತಲೋ ಹೋಗಿದ್ದರು. ಹೊನ್ನಿ ಕಂಕುಳಲ್ಲಿ ಎಳೆ ಕೂಸಿತ್ತು ಅಂತ ದನ ಕಾಯೋನೊಬ್ಬ ಹೇಳಿದನಂತೆ. ಗಂಡೋ ಹೆಣ್ಣೋ ಅವನು ನೋಡಿರಲಿಲ್ಲ.

ಕೇರಿಯವರು ಮನೆಗೊಂದು ಮರಿ ಕೊಟ್ಟು ಅವಳ ಗೂಡು ತುಂಬಿಸಿದರು. ಸಾಯೋವರೆಗೂ ದಿನಾ ಬಾನಿಯ ನೀರು ಬದಲಿಸಿ, ಪಕ್ಕದಲ್ಲೇ ಕೂತು ದಾರಿ ನೋಡೋಳಂತೆ. ಆ ಮೊಮ್ಮಗುವಿಗೊಂದು ಹೆಸರೂ ಇಟ್ಟಿದ್ದಳಂತೆ, ಯಾರಿಗೂ ಹೇಳಲಿಲ್ಲ.

ಇವತ್ತಿಗೂ ನಮ್ಮ ಕೇರೀಲಿ ಮಗಳು ತವರಿಗೆ ಬಂದರೆ ತಾಯಿ ಮೊದಲು ಬಗ್ಗಿ ಅವಳ ಕಾಲು ತೊಳೀತಾಳೆ, ಆಮೇಲೆ ತಬ್ಬಿಕೊಳ್ತಾಳೆ. ಕಂದಕದ ಪಕ್ಕ, ಒಂದು ಕಾಲಕ್ಕೆ ಕೆಂಚವ್ವನ ಗೂಡಿದ್ದ ಬಯಲಲ್ಲಿ ಒಂದು ಬಾನಿ ಇದೆಯಲ್ಲ, ಅದಕ್ಕೂ ದಿನಕ್ಕೊಂದು ಮನೆಯವರು ನೀರು ತುಂಬ್ತಾರೆ. ನಾಳೆ ನಮ್ಮನೆ ಸರದಿ, ಮರೀಬೇಡಿ. ಹೊನ್ನಿ ಬಂದರೆ ಬೇಕಾಗುತ್ತೆ.