ಸಿಗ್ನಿಗೆ ಸಿಕ್ಕ ಜೋಡುಪದ

ನೀವು ಹೂಂಗುಟ್ಟಿದರೆ ಹೇಳ್ತೀನಿ. ಐಸ್‌ಲ್ಯಾಂಡ್ ಅನ್ನೋ ಮಂಜಿನ ದ್ವೀಪದ ಒಂದಾನೊಂದು ಊರಿನಲ್ಲಿ ಒಬ್ಬ ರಾಜ ಇದ್ದ. ಅವನಿಗೆ ಚಿನ್ನ ಬೇಡ, ಕುದುರೆ ಬೇಡ, ಗುಣವಾಚಕಗಳ ಹುಚ್ಚು. ಎರಡು ಪದ ಹಿಡಿದು ತರೋದು, ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸೋದು, ಮೆಚ್ಚಿದವರಿಗೆ ಕೊಡೋದು.

ಕುರಿ ಸಾಕುವ ತೋರಾಗೆ ಸಿಕ್ಕ ಜೋಡುಪದ ಸ್ನ್ಯೋಕ್ವೀತ್. ಸ್ನ್ಯೋ ಅಂದರೆ ಹಿಮ, ಕ್ವೀತ್ ಅಂದರೆ ಬಿಳಿ. ಹಿಮದಷ್ಟು ಬಿಳಿ! ಪಕ್ಕದ ಮನೆ ಸಿಗ್ನಿಗೆ ಸಿಕ್ಕಿದ್ದು ಬರೀ ಕ್ವೀತ್.

"ಮೊದಲನೇ ಪದ ಕದಲಬಾರದು," ಅಂತ ರಾಜ ತೋರಾಗೆ ಹೇಳಿಕೊಟ್ಟ. "ಎರಡನೇದು ಮಾತ್ರ ಬಾಲ ಬದಲಿಸಬೇಕು."

ತೋರಾ ಅಂಗಳದಲ್ಲಿ ನಿಂತು ಕೂಗೋಳು. ಟಗರು ಬಂದರೆ "ಸ್ನ್ಯೋಕ್ವೀತುರ್!" ಹೆಣ್ಣುಕುರಿ ಬಂದರೆ "ಸ್ನ್ಯೋಕ್ವೀತ್!" ಮರಿ ಬಂದರೆ "ಸ್ನ್ಯೋಕ್ವೀತ್ತ್!" ಟಗರನ್ನು ಹಿಡಿಯೋವಾಗ "ಸ್ನ್ಯೋಕ್ವೀತನ್!" ಟಗರಿಗೆ ಹುಲ್ಲು ಕೊಡೋವಾಗ "ಸ್ನ್ಯೋಕ್ವೀತುಮ್!" ಸ್ನ್ಯೋ ಮಾತ್ರ ಕಲ್ಲಿನ ಹಾಗೆ ಕೂತಿರೋದು.

ಸಿಗ್ನಿ ಗೋಡೆ ಮೇಲಿಂದ ನೋಡಿದಳು. "ಬಾಲ ನನ್ನ ಪದಕ್ಕೂ ಇದೆ. ತಲೆಯೇ ಇಲ್ಲವಲ್ಲಾ!"

ಹೊಟ್ಟೆ ಉರಿಯಿತು. ನಿಜವಾಗಿಯೂ ಉರಿಯಿತು. ಮೊದಲ ದಿನ ಹೊಟ್ಟೆ ಮೇಲೆ ಹಾಲು ಕಾಯಿಸಿದಳು. ಎರಡನೇ ದಿನ ಮೀನು ಬೇಯಿಸಿದಳು. ಮೂರನೇ ದಿನ ಆ ಕಾವಿಗೆ ಪಕ್ಕದ ಮನೆಯ ಸ್ನ್ಯೋ ಕರಗಿ ಚರಂಡಿ ಸೇರಿತು.

ತೋರಾ ಅಳುತ್ತಾ ಬಂದಳು. "ಸಿಗ್ನಕ್ಕಾ, ನನ್ನ ಹಿಮ ಹರಿದುಹೋಯ್ತು!"

ರಾಜನೂ ಓಡಿ ಬಂದ. ತೋರಾ ಕಡೆ ತಿರುಗಿಯೂ ನೋಡಲಿಲ್ಲ. ಸಿಗ್ನಿಯ ಹೊಟ್ಟೆ ನೋಡಿ ಕುಣಿದ. "ಎಲ್ಡ್ ಅಂದರೆ ಬೆಂಕಿ, ರೋಯಿದ್ ಅಂದರೆ ಕೆಂಪು. ಇವಳು ಎಲ್ಡ್‌ರೋಯಿದ್! ನಾಳೆ ಬಂದು ಈ ಹೊಟ್ಟೆ ಮೇಲೆ ರೊಟ್ಟಿ ಸುಡ್ತೀನಿ. ಬೇಯದಿದ್ದರೆ ಪದ ವಾಪಸ್."

ಸಿಗ್ನಿಗೆ ಖುಷಿಯೋ ಖುಷಿ. ಖುಷಿಯಾಯಿತು, ಹೊಟ್ಟೆ ತಣ್ಣಗಾಯಿತು! ಗಾಬರಿಯಿಂದ ಗೋಡೆ ಹತ್ತಿದಳು. ತೋರಾ ಹತ್ತಿರ ಈಗ ಹೊಟ್ಟೆ ಉರಿಸುವಂಥದ್ದು ಏನೂ ಕಾಣಲಿಲ್ಲ.

"ಏನಾದರೂ ಹೇಳೇ ತೋರಾ, ದಮ್ಮಯ್ಯ! ನಾಳೆ ರೊಟ್ಟಿ!"

ತೋರಾ ಕಣ್ಣೊರೆಸಿಕೊಂಡು ಯೋಚಿಸಿದಳು. "ನಮ್ಮ ಕುರಿ ಅವಳಿ ಮರಿ ಹಾಕಿದೆ, ಅಕ್ಕ."

"ಸಾಲದು."

"ನಮ್ಮನೆಯವರು ಗೊರಕೆ ಹೊಡೆಯೋದಿಲ್ಲ."

ಸಿಗ್ನಿಯ ಹೊಟ್ಟೆ ಚುರ್ ಅಂದಿತು. "ಇನ್ನೊಂದು ಹೇಳು, ಇನ್ನೊಂದು!"

"ಇಷ್ಟೆಲ್ಲ ಆದರೂ ನನಗೆ ನಿನ್ನ ಮೇಲೆ ಸಿಟ್ಟೇ ಬರಲಿಲ್ಲ, ಅಕ್ಕ."

ಅಯ್ಯೋ, ಅಂಥ ಮನಸ್ಸು ಇವಳಿಗಿದೆ, ನನಗಿಲ್ಲವಲ್ಲಾ! ಸಿಗ್ನಿಯ ಹೊಟ್ಟೆ ಧಗ್ಗನೆ ಹತ್ತಿಕೊಂಡಿತು. ಮರುದಿನ ರಾಜನ ರೊಟ್ಟಿ ಸೀದೇ ಹೋಯಿತು, ಪದ ಸಿಗ್ನಿಗೇ ಉಳಿಯಿತು.

ನೀತಿ ಕೇಳ್ತೀರಾ? ನೆರೆಯವರ ಹೊಟ್ಟೆ ಉರೀತಾ ಇರೋವರೆಗೂ ನೀವು ಸೌದೆ ಕೊಳ್ಳಬೇಡಿ. ರಾಜನ ರೊಟ್ಟಿ ಸೀದಿತು, ನನ್ನ ಗಂಟಲು ಒಣಗಿತು. ಒಂದು ಲೋಟ ನೀರು ಕೊಡಿ.